ಕುಲಾವಿಗೆ ಮುನ್ನ ಕೋಣೆ

ಹುಟ್ಟಲಿರುವ ಮಗು ಹೆಣ್ಣೋ ಗಂಡೋ ಎಂಬುದನ್ನು ಹೆರಿಗೆಗೆ ಮುನ್ನ ಪತ್ತೆ ಮಾಡುವುದೂ ತಂದೆತಾಯಿಗೆ ತಿಳಿಸುವುದೂ ಭಾರತದಲ್ಲಿ ಅಪರಾಧವಾಗಿರುವುದರಿಂದ, ಹೆಣ್ಣುಕೂಸಿಗೆಂದೇ ಒಂದು ಕೋಣೆಯನ್ನು ಮೊದಲೇ ಸಿಂಗರಿಸಿ ಕಾಯುವ ಸಂಭ್ರಮ ಇಲ್ಲಿನ ಮನೆಗಳಿಗೆ ಒದಗುವಂಥದ್ದಲ್ಲ. ಹೆಣ್ಣು ಭ್ರೂಣಗಳ ಹತ್ಯೆಯನ್ನು ತಡೆಯಲೆಂದು 1994ರಲ್ಲಿ ರೂಪುಗೊಂಡು, 1996ರಲ್ಲಿ ಜಾರಿಗೆ ಬಂದು, 2003ರ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾದ ಲಿಂಗಪತ್ತೆ ನಿಷೇಧದ ಕಾಯಿದೆ ಈ ಗುಟ್ಟನ್ನು ಹೆರಿಗೆಯ ಗಳಿಗೆಯವರೆಗೆ ಕಾಯ್ದಿಡುತ್ತದೆ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿರುವ ಕನ್ನಡ ದಂಪತಿಗಳು ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲೇ ಸುದ್ದಿ ತಿಳಿದು ಗೋಡೆಗೆ ಬಣ್ಣ ಆರಿಸಬಹುದು. ದಾವಣಗೆರೆಯ ಅಥವಾ ಶಿರಸಿಯ ದಂಪತಿಗಳು ಹಾಗೆ ಮಾಡಲಾರರು, ಮಾಡಬೇಕಾದ ಅಗತ್ಯವೂ ಇಲ್ಲ. ಏಕೆಂದರೆ ಮೊದಲ ಆರು ತಿಂಗಳಲ್ಲಿ ಕೂಸು ಕೋಣೆಯಿಂದ ಬಯಸುವುದೆಲ್ಲ, ಎಂದರೆ ಬೆಳಕು, ಗಾಳಿ, ವಿಷವಿಲ್ಲದ ಗೋಡೆ, ಗಟ್ಟಿಯಾದ ಸಮತಟ್ಟು ಹಾಸಿಗೆ ಮತ್ತು ಕೈಗೆಟುಕುವ ದೂರದಲ್ಲಿ ತಾಯಿ, ಹೆಣ್ಣಿಗೂ ಗಂಡಿಗೂ ಒಂದೇ ಆಗಿದೆ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ಆತುರಗಾರರನ್ನು ಗೇಲಿ ಮಾಡುತ್ತದೆ. ಹುಟ್ಟಿದ ಕೂಸು ಉಳಿಯುವುದೇ ಅನುಮಾನವಾಗಿದ್ದ ಕಾಲದ ಅಂಜಿಕೆ ಇನ್ನೂ ಹಿರಿಯರ ಮನಸ್ಸಿನಲ್ಲಿ ಉಳಿದಿರುವುದರಿಂದ, ಇಂದಿಗೂ ಹಲವು ಮನೆಗಳಲ್ಲಿ ಹೆರಿಗೆಗೆ ಮುನ್ನ ಕೂಸಿಗೆಂದು ಒಂದು ಚೂರು ಬಟ್ಟೆಯನ್ನೂ ಕೊಳ್ಳುವುದಿಲ್ಲ. ಕುಲಾವಿಯ ಮಟ್ಟಿಗೆ ಈ ಸಂಯಮದಿಂದ ನಷ್ಟವೇನೂ ಇಲ್ಲ, ಅಂಗಡಿಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಕೋಣೆಯ ಮಟ್ಟಿಗೆ ಮಾತ್ರ ಗಾದೆಯನ್ನು ತಿರುಗಿಸಿ ಹಾಕಬೇಕಾಗುತ್ತದೆ. ಹೊಸ ಬಣ್ಣದ ವಾಸನೆ ಹೋಗಲು, ಗೋಡೆಯ ಬೂಷ್ಟು ಕೆರೆದು ಒಣಗಿಸಲು, ಕಿಟಕಿಗೆ ಸೊಳ್ಳೆಪರದೆ ಕೂರಿಸಲು ವಾರಗಳೇ ಹಿಡಿಯುವುದರಿಂದ, ಇವೆಲ್ಲ ಏಳನೆಯ ತಿಂಗಳ ಹೊತ್ತಿಗೆ ಮುಗಿದಿರಬೇಕು. ಸಿಂಗಾರವೆಂಬುದು ಹೆಣ್ಣುಕೂಸು ಮನೆಗೆ ಬಂದ ಮೇಲೆ, ಅವಳ ಕಣ್ಣು ಬೆಳೆಯುವ ವೇಗದಲ್ಲಿ, ಸ್ವಲ್ಪಸ್ವಲ್ಪವಾಗಿ ಬರಲಿ.

ಯಾವ ಮನೆಯ ಕೋಣೆ ಎಂಬುದೂ ಇಲ್ಲಿ ಕೇಳಬೇಕಾದ ಪ್ರಶ್ನೆಯೇ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಿ, ತಾಯಿ ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸಿನೊಂದಿಗೆ ಗಂಡನ ಮನೆಗೆ ಮರಳುವ ವಾಡಿಕೆ ಕರ್ನಾಟಕದ ಬಹಳಷ್ಟು ಕುಟುಂಬಗಳಲ್ಲಿ ಇರುವುದರಿಂದ, ಕೂಸಿನ ಮೊದಲ ಕೋಣೆ ಅಜ್ಜಿಯ ಮನೆಯ ಬಾಣಂತಿ ಕೋಣೆ. ನಗರದ ಫ್ಲ್ಯಾಟಿನಲ್ಲಿ ತಂದೆ ಸಿಂಗರಿಸಿಟ್ಟ ಕೋಣೆ ಕೂಸಿನ ಎರಡನೆಯ ಕೋಣೆ. ಹಣವೂ ಉತ್ಸಾಹವೂ ಎರಡನೆಯದರ ಮೇಲೆ ಸುರಿಯುತ್ತವೆ. ಗಮನ ಬೇಕಾಗಿರುವುದು ಮೊದಲನೆಯದಕ್ಕೆ.

ಬಾಣಂತಿ ಕೋಣೆಯನ್ನು ಕುರಿತು ಇಂದಿನ ವಿದ್ಯಾವಂತರು ಆಡುವ ಮಾತಿನಲ್ಲಿ ಬೈಗುಳವೇ ಹೆಚ್ಚು, ಆದರೆ ಆ ಕೋಣೆ ಒಂದು ಮುಖ್ಯ ವಿಷಯದಲ್ಲಿ ಸರಿಯಾಗಿತ್ತು. ತಾಯಿ ಮತ್ತು ಕೂಸು ಒಂದೇ ಕೋಣೆಯಲ್ಲಿ, ಆದರೆ ಬೇರೆಬೇರೆ ಹಾಸಿಗೆಯಲ್ಲಿ, ತಾಯಿ ಮಂಚದ ಮೇಲೆ ಮತ್ತು ಕೂಸು ಪಕ್ಕದ ತೊಟ್ಟಿಲಿನಲ್ಲಿ ಮಲಗುವ ಕ್ರಮವನ್ನೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ತನ್ನ ಮಾರ್ಗಸೂಚಿಯಲ್ಲಿ ಕನಿಷ್ಠ ಆರು ತಿಂಗಳ ಮಟ್ಟಿಗೆ ಶಿಫಾರಸು ಮಾಡಿದೆ. ಹೊರಗಿನ ಕಾರಣವೇನೂ ಕಾಣದೆ ನಿದ್ದೆಯಲ್ಲೇ ಕೂಸು ಸಾಯುವ ದುರಂತ, ಹೀಗೆ ಮಲಗಿಸಿದಾಗ ಕಡಿಮೆಯಾಗುತ್ತದೆ ಎಂಬುದು ಆ ಶಿಫಾರಸಿನ ಹಿಂದಿನ ಕಾರಣ. ಕೂಸಿಗೆ ಪ್ರತ್ಯೇಕ ಕೋಣೆ ಕೊಡುವ ಪಾಶ್ಚಾತ್ಯ ಪದ್ಧತಿಯನ್ನು ಅನುಕರಿಸಿ, ಹದಿನೈದು ದಿನದ ಮಗುವನ್ನು ಕ್ಯಾಮೆರಾದ ಕಾವಲಿನಲ್ಲಿ ಬೇರೆ ಕೋಣೆಗೆ ಸಾಗಿಸುವವರು ಆ ಪಶ್ಚಿಮದ ವೈದ್ಯರೇ ಈಗ ಏನು ಹೇಳುತ್ತಿದ್ದಾರೆ ಎಂಬುದನ್ನು ಗಮನಿಸುವುದು ಒಳ್ಳೆಯದು.

ಬಾಣಂತಿ ಕೋಣೆ ತಪ್ಪಿದ್ದು ಹೊಗೆ ಮತ್ತು ಕತ್ತಲೆಯ ವಿಷಯದಲ್ಲಿ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡವಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಅನಿಲ ತುಂಬಿಕೊಂಡು, ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಸಾಂಬ್ರಾಣಿಯ ಹೊಗೆ, ಸೊಳ್ಳೆಬತ್ತಿಯ ಹೊಗೆ ಇವೆರಡೂ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ಸೊಳ್ಳೆಗೆ ಪರದೆಗಿಂತ ಉತ್ತಮ ಉಪಾಯ ಇಂದಿಗೂ ಇಲ್ಲ. ಕತ್ತಲೆಯಿಂದಾಗುವ ಕೇಡು ಇನ್ನೂ ಸೂಕ್ಷ್ಮವಾದದ್ದು. ಹುಟ್ಟಿದ ಎರಡು ಮೂರು ದಿನಗಳಲ್ಲಿ ಬಹಳಷ್ಟು ಕೂಸುಗಳಿಗೆ ಕಾಮಾಲೆ, ಅಂದರೆ ಹಳೆಯ ರಕ್ತಕಣಗಳು ಒಡೆದಾಗ ಉಂಟಾಗುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಎಳೆಯ ಯಕೃತ್ತು ಬೇಗ ಹೊರಹಾಕಲಾರದೆ ಚರ್ಮ ಹಳದಿಗಟ್ಟುವ ಸ್ಥಿತಿ, ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಇಳಿಯುತ್ತದೆ, ಕೆಲವರಲ್ಲಿ ಏರುತ್ತಾ ಹೋಗಿ ಮಿದುಳಿಗೆ ಹಾನಿ ಮಾಡುತ್ತದೆ. ಕತ್ತಲ ಕೋಣೆಯಲ್ಲಿ ಮಿಣಿಮಿಣಿ ದೀಪದ ಕೆಳಗೆ, ಅದರಲ್ಲೂ ಅರಿಸಿನ ಹಚ್ಚಿದ ಮೈಮೇಲೆ, ಈ ಹಳದಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಕಾಯಿಲೆಗೆ ಬೆಳಕೇ ಔಷಧಿ ಎಂಬುದು ತಿಳಿದದ್ದು ಇಂಗ್ಲೆಂಡಿನ ಎಸೆಕ್ಸಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ. ಅಲ್ಲಿನ ಶಿಶುವಿಭಾಗದ ದಾದಿ ಜೀನ್ ವಾರ್ಡ್ ಕೂಸುಗಳನ್ನು ಬಿಸಿಲಿರುವ ದಿನ ಅಂಗಳಕ್ಕೆ ಕರೆದೊಯ್ಯುವ ಅಭ್ಯಾಸ ಇಟ್ಟುಕೊಂಡಿದ್ದರು. 1956ರಲ್ಲಿ ಒಂದು ಕೂಸಿನ ಮೈಯೆಲ್ಲ ತಿಳಿಯಾಗಿ, ಹೊದಿಕೆಯ ಮೂಲೆ ಮುಚ್ಚಿದ್ದ ಜಾಗವಷ್ಟೇ ಹಳದಿಯಾಗಿ ಉಳಿದಿರುವುದನ್ನು ಅವರು ವೈದ್ಯರಿಗೆ ತೋರಿಸಿದರು. ಡಾಕ್ಟರ್ ಕ್ರೆಮರ್ ಮತ್ತು ಅವರ ಸಹೋದ್ಯೋಗಿಗಳು ಅದರ ಜಾಡು ಹಿಡಿದು 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಬರಹದಿಂದ, ಇಂದು ಎಲ್ಲ ಆಸ್ಪತ್ರೆಗಳಲ್ಲಿ ಕಾಣುವ ನೀಲಿ ದೀಪದ ಚಿಕಿತ್ಸೆ ಹುಟ್ಟಿತು. ಕಿಟಕಿಯ ಎಳೆಬಿಸಿಲು ಆ ಚಿಕಿತ್ಸೆಗೆ ಬದಲಿಯಲ್ಲ. ಕಾಮಾಲೆ ಕಂಡ ಕೂಸನ್ನು ವೈದ್ಯರಿಗೇ ತೋರಿಸಬೇಕು. ಆದರೆ ಕಾಣುವುದಕ್ಕಾದರೂ ಹಗಲು ಬೆಳಕು ಬೇಕಷ್ಟೆ. ಆದ್ದರಿಂದ ಕೋಣೆಯ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಅಳತೆಯನ್ನಲ್ಲ, ಕಿಟಕಿಯನ್ನು. ಪೂರ್ವಕ್ಕೋ ಉತ್ತರಕ್ಕೋ ತೆರೆಯುವ ಕಿಟಕಿ ಇದ್ದರೆ ಒಳ್ಳೆಯದು, ತೊಟ್ಟಿಲು ಮಾತ್ರ ಕಿಟಕಿಯಿಂದಲೂ ಪರದೆಯ ದಾರಗಳಿಂದಲೂ ದೂರವಿರಲಿ.

ಇನ್ನು ಗೋಡೆಯ ಬಣ್ಣ. ಬಣ್ಣವೆಂದ ಕೂಡಲೇ ಹೆಣ್ಣಿಗೆ ಗುಲಾಬಿಯೇ ಆಗಬೇಕೋ ಎಂಬ ಚರ್ಚೆ ಏಳುತ್ತದೆ, ಆದರೆ ಯಾವ ಬಣ್ಣ ಎಂಬುದಕ್ಕಿಂತ ಬಣ್ಣದೊಳಗೆ ಏನಿದೆ ಎಂಬುದು ಮೊದಲ ಪ್ರಶ್ನೆಯಾಗಬೇಕು. ಎನಾಮಲ್ ಬಣ್ಣಗಳಿಗೆ, ಅದರಲ್ಲೂ ಕಣ್ಣು ಕೋರೈಸುವ ಹಳದಿ, ಕಿತ್ತಳೆ ಮತ್ತು ಕೆಂಪಿಗೆ, ಹೊಳಪಿಗಾಗಿಯೂ ಬೇಗ ಒಣಗಲೆಂದೂ ಸೀಸದ ಸಂಯುಕ್ತಗಳನ್ನು ಬೆರೆಸುವ ರೂಢಿ ದೀರ್ಘಕಾಲ ಇತ್ತು. ಸೀಸವೆಂಬ ಲೋಹ ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಅದರ ಇಂತಿಷ್ಟು ಪ್ರಮಾಣ ಸುರಕ್ಷಿತವೆಂದು ಹೇಳಲು ಬರುವುದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳುತ್ತದೆ, ಮತ್ತು ಕಂಡದ್ದನ್ನೆಲ್ಲ ಬಾಯಿಗಿಡುವ ವಯಸ್ಸೂ ಅದೇ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಪ್ರತಿಷ್ಠಾನವು ದೇಶದ ಏಳು ನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹನ್ನೆರಡು ವರ್ಷದೊಳಗಿನ ಪರೀಕ್ಷಿತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಅಂದಿನ ಎಚ್ಚರಿಕೆಯ ಮಿತಿಯನ್ನು ಮೀರಿದ ಸೀಸ ಕಂಡುಬಂದಿತ್ತು. ಅಂದು ಪೆಟ್ರೋಲಿನಲ್ಲೂ ಸೀಸವಿದ್ದುದರಿಂದ ಅಷ್ಟನ್ನೂ ಗೋಡೆಯ ತಲೆಗೆ ಕಟ್ಟುವಂತಿಲ್ಲ. ಆ ಸಮೀಕ್ಷೆಯ ಕೆಲಸದಲ್ಲಿ ತೊಡಗಿದ್ದ ಡಾಕ್ಟರ್ ತುಪ್ಪಿಲ್ ವೆಂಕಟೇಶ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸವಿಷದ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ಬೆಳೆಸಿದರು ಎಂಬುದನ್ನು ಕನ್ನಡ ನಾಡು ನೆನೆಯಬೇಕು.

ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ನಿಯಮದಂತೆ, 2017ರ ನವೆಂಬರ್ 1ರಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರುವಂತಿಲ್ಲ. ಡಬ್ಬಿಯ ಮೇಲೆ ಇದನ್ನು ನಮೂದಿಸಿರಬೇಕು, ಕೊಳ್ಳುವವರು ಓದಬೇಕು. ತೊಂದರೆ ಹಳೆಯ ಮನೆಗಳದ್ದು: ತವರುಮನೆಯ ಬಾಗಿಲು, ಕಿಟಕಿಯ ಸರಳು, ಕಬ್ಬಿಣದ ಮಂಚ ಇವುಗಳ ಮೇಲೆ ಎದ್ದು ಉದುರುವ ಹಳೆಯ ಎನಾಮಲ್ ಪದರಗಳಿದ್ದರೆ, ಅವನ್ನು ಒಣಗಿದಂತೆಯೇ ಉಜ್ಜಿ ತೆಗೆಯುವುದು ಗೋಡೆಯ ವಿಷವನ್ನು ಗಾಳಿಗೆ ಬಿಟ್ಟಂತಾಗುತ್ತದೆ. ಒದ್ದೆ ಮಾಡಿ ತೆಗೆಯಬೇಕು, ಗರ್ಭಿಣಿ ಅಂದು ಆ ಮನೆಯಲ್ಲಿರಬಾರದು. ಹಳೆಯ ಮಣ್ಣಿನ ಗೋಡೆಗೆ ಸುಣ್ಣವೇ ಸಾಕು. ಕ್ಷಾರಗುಣವುಳ್ಳ ಸುಣ್ಣದ ಮೇಲೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ, ಖರ್ಚೂ ಕಡಿಮೆ.

ಗುಲಾಬಿಯ ವಿಷಯಕ್ಕೆ ಬಂದರೆ, ಅದು ಹೆಣ್ಣಿನ ಬಣ್ಣವೆಂಬ ನಂಬಿಕೆ ಗಟ್ಟಿಯಾಗಿ ನೆಲೆನಿಂತು ನೂರು ವರ್ಷವೂ ಆಗಿಲ್ಲ. ಅಮೆರಿಕದಲ್ಲಿ ಮಕ್ಕಳ ಉಡುಪಿನ ವ್ಯಾಪಾರಿಗಳಿಗಾಗಿ ಹೊರಡುತ್ತಿದ್ದ ಪತ್ರಿಕೆಯೊಂದು 1918ರಲ್ಲಿ, ಗುಲಾಬಿ ಗಟ್ಟಿತನದ ಬಣ್ಣವಾದ್ದರಿಂದ ಗಂಡುಮಕ್ಕಳಿಗೂ, ನೀಲಿ ನಯವಾದ್ದರಿಂದ ಹೆಣ್ಣುಮಕ್ಕಳಿಗೂ ಒಪ್ಪುತ್ತದೆಂದು ಸಲಹೆ ನೀಡಿತ್ತು. ಎರಡನೆಯ ಮಹಾಯುದ್ಧದ ನಂತರ ಈ ಹಂಚಿಕೆ ತಿರುಗುಮುರುಗಾಗಿ ನೆಲೆನಿಂತ ಕಥೆಯನ್ನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿದ್ವಾಂಸೆ ಜೋ ಪಾವೊಲೆಟ್ಟಿ 2012ರ ತಮ್ಮ ಗ್ರಂಥದಲ್ಲಿ ವಿವರವಾಗಿ ನಿರೂಪಿಸಿದ್ದಾರೆ. ಅಲ್ಲಿನ ಅಂಗಡಿಗಳ ರೂಢಿಯೇ ಬೆಂಗಳೂರಿನ ಮಾಲುಗಳಿಗೂ, ಅಲ್ಲಿಂದ ತಾಲ್ಲೂಕು ಪೇಟೆಗಳಿಗೂ ಇಳಿದಿದೆ. ಕೂಸಿಗಂತೂ ಈ ತಿಳಿಗುಲಾಬಿ ಗೋಡೆ ಮೊದಲ ತಿಂಗಳುಗಳಲ್ಲಿ ಕಾಣುವುದೇ ಇಲ್ಲ. ನವಜಾತ ಶಿಶುವಿನ ಕಣ್ಣಿಗೆ ಸ್ಪಷ್ಟವಾಗುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದ ವಸ್ತು ಮಾತ್ರ, ಎಂದರೆ ಹಾಲೂಡುವ ತಾಯಿಯ ಮುಖ. ಅದಕ್ಕೆ ಹಿಡಿಸುವುದು ಕಪ್ಪು ಬಿಳುಪಿನಂಥ ಎದ್ದುಕಾಣುವ ಅಂತರಗಳು. ಎರಡು ಮೂರು ತಿಂಗಳ ಹೊತ್ತಿಗೆ ಕೆಂಪು ಹಸಿರುಗಳ ಭೇದವೂ, ನಾಲ್ಕೈದು ತಿಂಗಳಿಗೆ ಬಣ್ಣಗಳ ಲೋಕ ಬಹುಮಟ್ಟಿಗೆ ದೊಡ್ಡವರಂತೆಯೂ ತೆರೆದುಕೊಳ್ಳುತ್ತದೆ.

ಕರ್ನಾಟಕದ ತೊಟ್ಟಿಲು ಮಾಡುವವರು ಕಣ್ಣಿನ ಶಾಸ್ತ್ರ ಓದದೆಯೇ ಗಾಢವಾದ ಕೆಂಪು, ಹಳದಿ, ಹಸಿರು, ಕಪ್ಪುಗಳನ್ನು ಆರಿಸಿಕೊಂಡಿದ್ದರು. ಹುಬ್ಬಳ್ಳಿಯಿಂದ ಯಲ್ಲಾಪುರದ ಕಾಡಿನತ್ತ ಹೋಗುವ ದಾರಿಯಲ್ಲಿರುವ ಕಲಘಟಗಿ, ಧಾರವಾಡ ಜಿಲ್ಲೆಯ ತಾಲ್ಲೂಕು ಕೇಂದ್ರ, ತನ್ನ ಬಣ್ಣದ ತೊಟ್ಟಿಲುಗಳಿಂದಲೇ ನಾಡಿಗೆಲ್ಲ ಪರಿಚಿತ. ಸಾಗುವಾನಿಯ ಚೌಕಟ್ಟಿನ ಮೇಲೆ ಅರಗಿನ ಬಣ್ಣದಲ್ಲಿ ಚಿತ್ರಗಾರರು ಬರೆದ ರಾಮಾಯಣದ, ಮಹಾಭಾರತದ, ಕೃಷ್ಣನ ಬಾಲಲೀಲೆಯ ಪ್ರಸಂಗಗಳು ತಲೆಮಾರು ಕಳೆದರೂ ಮಾಸುವುದಿಲ್ಲ. ಮಗಳ ಚೊಚ್ಚಲ ಕೂಸಿಗೆ ತವರಿನವರು ಕಲಘಟಗಿ ತೊಟ್ಟಿಲು ಕೊಡುವುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಘನತೆಯ ಮಾತು. ಅರಗು ಎಂಬುದು ಮರದ ರೆಂಬೆಗಳ ಮೇಲೆ ಬಾಳುವ ಪುಟ್ಟ ಕೀಟ ಸುರಿಸುವ ರಾಳ, ಮಾತ್ರೆಗಳ ಹೊದಿಕೆಗೂ ಮಿಠಾಯಿಯ ಹೊಳಪಿಗೂ ಬಳಸುವಷ್ಟು ನಿರುಪದ್ರವಿ. ತೊಟ್ಟಿಲಿನ ಚಿತ್ರಗಳಲ್ಲಿ ಗಂಡು ದೇವರೇ ತುಂಬಿರುವುದನ್ನು ಕಂಡು, ಹೆಣ್ಣುಕೂಸಿಗೆ ಇದು ಹೊಂದುವುದೇ ಎಂದು ಕೆಲವರು ಕೇಳುತ್ತಾರೆ. ಹರಿದಾಸರ ಜೋಗುಳಗಳೂ ಬಹುಮಟ್ಟಿಗೆ ಕೃಷ್ಣನನ್ನೇ ತೂಗುತ್ತವೆ, ಅದನ್ನು ಕೇಳಿ ಹೆಣ್ಣುಮಕ್ಕಳೇನೂ ನಿದ್ದೆಗೆಟ್ಟಿಲ್ಲ. ಬೇರೆ ಬೇಕೆನಿಸಿದವರು ಗಿಣಿ, ನವಿಲು, ಆನೆ, ಕಮಲಗಳನ್ನು ಬರೆಸಿಕೊಳ್ಳಬಹುದು. ನಿಜವಾಗಿ ನೋಡಿದರೆ ಹೊರಮೈಯ ಈ ಚಿತ್ರಗಳೆಲ್ಲ ನಾಮಕರಣಕ್ಕೆ ಬಂದ ನೆಂಟರ ಕಣ್ಣಿಗೆ. ಒಳಗೆ ಅಂಗಾತ ಮಲಗಿದವಳಿಗೆ ಕಾಣುವುದು ಮೇಲಿನ ಅಡ್ಡಪಟ್ಟಿ ಮತ್ತು ಛಾವಣಿ.

ಅವಳಿಗಾಗಿ ಮಾಡುವ ಸಿಂಗಾರ ಆ ಅಡ್ಡಪಟ್ಟಿಯಿಂದ ತೂಗಬೇಕು. ಚನ್ನಪಟ್ಟಣದ ಮರದ ಗಿಣಿಗಳ ಗೊಂಚಲು ಇದಕ್ಕೆ ತಕ್ಕದ್ದು. ಹಗುರವಾದ ಆಲೆಮರದ ತುಂಡನ್ನು ತಿರುಗಣಿಯಲ್ಲಿ ಕಡೆಯುತ್ತಾ, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿಹಿಡಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ಆಮೇಲೆ ಕೇದಗೆಯ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅರಗು ನಿರುಪದ್ರವಿಯಾದರೂ ಅದಕ್ಕೆ ಬೆರೆಸಿದ ಬಣ್ಣ ಅರಿಸಿನ, ನೀಲಿಗಿಡದಂಥ ಸಸ್ಯಮೂಲದ್ದೋ, ಪೇಟೆಯ ರಾಸಾಯನಿಕವೋ ಎಂದು ಕೇಳಿಯೇ ಕೊಳ್ಳಬೇಕು. 2021ರ ಆರಂಭದಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದ್ದರೂ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇರುವುದರಿಂದ, ಇಲ್ಲಿ ಮುದ್ರೆಯ ಬದಲು ಮಾಡಿದವರ ಮಾತೇ ಆಧಾರ. ಗೊಂಚಲನ್ನು ಆರಿಸುವಾಗ ಅಂಗಡಿಯಲ್ಲಿ ನಿಂತು ಪಕ್ಕದಿಂದ ನೋಡದೆ, ಕೆಳಗಿನಿಂದ ತಲೆಯೆತ್ತಿ ನೋಡಬೇಕು. ಎಷ್ಟೋ ಗೊಂಚಲುಗಳು ಕೂಸಿಗೆ ತೋರಿಸುವುದು ಹಕ್ಕಿಯ ಹೊಟ್ಟೆಯನ್ನಷ್ಟೇ. ಕೂಸು ಕೈಚಾಚಿ ಎಳೆಯುವ ವಯಸ್ಸಿಗೆ, ಸುಮಾರು ನಾಲ್ಕೈದು ತಿಂಗಳಿಗೆ, ಅದನ್ನು ಬಿಚ್ಚಿಡಬೇಕು. ಮುಂದೆ ಕೈಗೆ ಕೊಡುವ ಯಾವ ಆಟಿಕೆಯೂ ಮೂರೂಕಾಲು ಸೆಂಟಿಮೀಟರಿಗಿಂತ ಕಿರಿದಾಗಿರಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ತೊಟ್ಟಿಲಿನೊಳಗೆ ಏನಿರಬೇಕೆಂಬುದಕ್ಕಿಂತ ಏನಿರಬಾರದೆಂಬುದೇ ದೊಡ್ಡ ಪಟ್ಟಿ. ಸಾಸಿವೆ ದಿಂಬು, ಗೊಂಬೆಗಳು, ಅಂಚಿಗೆ ಕಟ್ಟುವ ಮೆತ್ತೆ, ದಪ್ಪ ರಜಾಯಿ ಇವೆಲ್ಲ ಉಸಿರುಗಟ್ಟಿಸಬಲ್ಲವು. ಅಮೆರಿಕದಲ್ಲಿ 2022ರ ಕಾನೂನು ಅಂಚಿನ ಮೆತ್ತೆಗಳ ಮಾರಾಟವನ್ನೇ ನಿಷೇಧಿಸಿದೆ. ಸೀರೆಯ ಜೋಲಿಯಲ್ಲಿ ಕೂಸಿನ ಬೆನ್ನು ಬಾಗಿ ಗಲ್ಲ ಎದೆಗೆ ಒತ್ತುವುದರಿಂದ ಉಸಿರಿನ ದಾರಿ ಕಿರಿದಾಗುತ್ತದೆ, ದೊಡ್ಡ ಮಕ್ಕಳು ಅದರಲ್ಲಿ ಆಡಲು ಹೋಗಿ ಕುತ್ತಿಗೆಗೆ ಸುತ್ತಿಕೊಂಡ ಪ್ರಕರಣಗಳೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಕಣ್ಣಳತೆಯಲ್ಲಿ ತೂಗಿ ಸಮಾಧಾನಪಡಿಸಲು ಜೋಲಿ ಇರಲಿ, ರಾತ್ರಿಯ ನಿದ್ದೆಗೆ ಬೇಡ. ತೊಟ್ಟಿಲಿಗೂ ಅವಧಿ ಉಂಟು: ಕೂಸು ಮಗುಚಿಕೊಳ್ಳಲು ಕಲಿತ ದಿನ ತೂಗುವ ತೊಟ್ಟಿಲಿನ ಕೆಲಸ ಮುಗಿಯಿತು, ಅಲ್ಲಿಂದ ಮುಂದೆ ಸರಳುಗಳ ನಡುವೆ ಆರು ಸೆಂಟಿಮೀಟರಿಗಿಂತ ಹೆಚ್ಚು ಸಂದಿಲ್ಲದ, ಅಲುಗಾಡದ ಮಂಚ.

ಬಟ್ಟೆಬರೆಯಲ್ಲಿ ಹೆಣ್ಣುಕೂಸಿನ ಸಿಂಗಾರಕ್ಕೆ ಧಾರಾಳ ಅವಕಾಶವಿದೆ. ಧಾರವಾಡದ ಕಡೆಯ ಕಸೂತಿಯ ಗವಂತಿ ಮತ್ತು ಮುರ್ಗಿ ಎಂಬ ಹೊಲಿಗೆಗಳು ಬಟ್ಟೆಯ ಎರಡೂ ಮೈಯಲ್ಲಿ ಒಂದೇ ರೀತಿ ಕಾಣುವಂಥವು, ದಾರಕ್ಕೆ ಗಂಟು ಹಾಕುವ ಪದ್ಧತಿಯೂ ಇಲ್ಲ; ಎಳೆಯ ಚರ್ಮಕ್ಕೆ ತಾಗುವ ಕುಂಚಿಗೆಯ, ಎಂದರೆ ತಲೆಯಿಂದ ಬೆನ್ನಿನವರೆಗೆ ಇಳಿಯುವ ಹೊದಿಕೆಯ, ಮೇಲೆ ಇದಕ್ಕಿಂತ ಉಚಿತವಾದ ಕುಸುರಿ ಮತ್ತೊಂದಿಲ್ಲ. ಕಸೂತಿಯ ಚಿತ್ತಾರಗಳಲ್ಲಿ ಆನೆ, ತೇರು, ತುಳಸಿಕಟ್ಟೆಗಳ ಜೊತೆಗೆ ತೊಟ್ಟಿಲೂ ಒಂದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯಲ್ಲಿ, ಆಫ್ರಿಕದಿಂದ ಬಂದವರ ವಂಶಜರಾದ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಸೀರೆಯ ಚೂರುಗಳಿಂದ ಹೊಲಿಯುವ ಕೌದಿಗಳ ಮೂಲೆಯಲ್ಲಿ ಫುಲಾ ಎಂಬ ತ್ರಿಕೋನದ ಹೂಗಳಿರುತ್ತವೆ. ಅವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ಅಂಥ ಕೌದಿ ನೆಲದ ಮೇಲೆ, ಕೂಸು ಬೋರಲು ಬಿದ್ದು ಆಡುವ ಜಾಗದಲ್ಲಿ ಹರವಲು ಚೆನ್ನ.

ಗೋಡೆಯ ಚಿತ್ರಗಳ ಸರದಿ ಬರುವುದು ಅವಳು ಅಂಬೆಗಾಲಿಡುವಾಗ. ಆಗ ಚಿತ್ರ ಅವಳ ಎತ್ತರದಲ್ಲಿ, ನೆಲದಿಂದ ಒಂದೆರಡು ಅಡಿಯೊಳಗೆ ಇರಬೇಕೇ ಹೊರತು ದೊಡ್ಡವರ ಕಣ್ಣಿನ ಮಟ್ಟದಲ್ಲಲ್ಲ. ಶಿವಮೊಗ್ಗ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಲ್ಲಿ ಎಳೆಯುವ ಹಸೆ ಚಿತ್ತಾರ ವಿಷದ ಸೋಂಕಿಲ್ಲದ್ದು, ಅಂತರವೂ ಎದ್ದುಕಾಣುವಂಥದ್ದು. ಅದೇ ಹೊತ್ತಿಗೆ ಕಪಾಟನ್ನು ಗೋಡೆಗೆ ಬಿಗಿಯುವುದು, ಪ್ಲಗ್ ಪಾಯಿಂಟುಗಳನ್ನು ಮುಚ್ಚುವುದು, ನೀರಿನ ಬಕೆಟ್ಟನ್ನು ಹೊರಗಿಡುವುದು ಆಗಬೇಕು.

ಅಟ್ಟದ ಮೇಲಿರುವ ಅಜ್ಜಿಯ ಕಾಲದ ತೊಟ್ಟಿಲನ್ನು ಇಳಿಸಲು ಹೊರಟವರಲ್ಲಿ ಒಂದು ವಿನಂತಿ. ಆ ತೊಟ್ಟಿಲಿನ ಮೂಲ ಅರಗಿನ ಬಣ್ಣದ ಮೇಲೆ ನಡುವಿನ ವರ್ಷಗಳಲ್ಲಿ ಯಾರಾದರೂ ಎನಾಮಲ್ ಬಳಿದಿದ್ದಾರೆಯೇ, ಸರಪಳಿ ಮತ್ತು ಕೊಂಡಿಗಳು ಸವೆದಿವೆಯೇ ಎಂಬುದನ್ನು ಬಲ್ಲವರಿಂದ ಪರೀಕ್ಷಿಸಿಕೊಳ್ಳಿ. ಬಣ್ಣದ ಬಗ್ಗೆ ಅನುಮಾನ ಉಳಿದರೆ ಅದನ್ನು ನಾಮಕರಣದ ಒಂದು ದಿನದ ಶಾಸ್ತ್ರಕ್ಕೆ ಮಾತ್ರ ಬಳಸಿ, ದಿನನಿತ್ಯದ ನಿದ್ದೆಗೆ ಬಣ್ಣವಿಲ್ಲದ ಸಾದಾ ಮರದ ತೊಟ್ಟಿಲನ್ನು ಮಾಡಿಸಿಕೊಳ್ಳಿ.